ಹೀಟರ್, ಕೆಂಡ, ಬಿಸಿನೀರಿನ ಬ್ಯಾಗ್, ಕಂಬಳಿ: ಸಾಲ ಇರುವ ಮನೆಗೆ ಯಾವುದು ಸರಿ?

ನಮ್ಮ ಮನೆ ಮಡಿಕೇರಿ ಪೇಟೆಯಿಂದ ಸ್ವಲ್ಪ ಕೆಳಗೆ, ಇಳಿಜಾರಿನಲ್ಲಿದೆ. ಹಂಚಿನ ಮಾಡು, ಸಿಮೆಂಟ್ ನೆಲ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆ ಒಣಗುವುದಿಲ್ಲ. ಡಿಸೆಂಬರ್, ಜನವರಿಯ ಚಳಿ ಬೇರೆ. ಅದು ಒಣ ಚಳಿ, ಬಿಸಿಲು ಬಿದ್ದರೆ ಹೋಗುತ್ತದೆ. ಮಳೆಗಾಲದ ಚಳಿ ಹಾಗಲ್ಲ. ಹಾಸಿಗೆಯಲ್ಲಿ, ದಿಂಬಿನಲ್ಲಿ, ಮಡಚಿಟ್ಟ ಬಟ್ಟೆಯ ಮಡಿಕೆಯಲ್ಲಿ ಕೂತುಬಿಡುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಯಜಮಾನರು ಬೈಕಿನಿಂದ ಬಿದ್ದು ಕಾಲಿಗೆ ಆಪರೇಷನ್ ಆಯಿತು. ನನ್ನ ಬಳೆ, ಸರ ಬ್ಯಾಂಕಿನಲ್ಲಿ ಅಡವಿಟ್ಟೆವು. ಅದೂ ಸಾಲದೆ 60,000 ಕೈಸಾಲ ತಂದೆವು. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಕೇಳೋಕೆ ಎರಡೇ ರೂಪಾಯಿ, ಆದರೆ ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 24. ಪ್ರತಿ ತಿಂಗಳು 1,200 ಬರೀ ಬಡ್ಡಿಗೆ ಹೋಗುತ್ತದೆ, ಅಸಲು ಇದ್ದ ಹಾಗೇ ಇರುತ್ತದೆ. ಅಡವಿನ ಬಡ್ಡಿ ಇದರ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಮೊದಲು ಕೈಸಾಲ ತೀರಿಸೋಣ, ಒಡವೆ ಇನ್ನೊಂದು ವರ್ಷ ಬ್ಯಾಂಕಿನಲ್ಲೇ ಇರಲಿ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದೆವು.

ಮನೆಯಲ್ಲಿ ನಾಲ್ಕು ಜನ. ನಾವಿಬ್ಬರು, ಆರನೇ ಕ್ಲಾಸಿನ ಮಗ, 74 ವರ್ಷದ ಅತ್ತೆ. ಯಜಮಾನರು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಕೆಲಸದ ಲೆಕ್ಕ ನೋಡಿಕೊಳ್ಳುವವರು; ನಾನು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ಮಳೆಗಾಲ ಬೆಚ್ಚಗಿರೋಕೆ ಏನೇನು ಮಾಡಿ ನೋಡಿದೆವೋ ಅದನ್ನೇ ಬರೆಯುತ್ತಿದ್ದೇನೆ.

ಮೊದಲು ರೂಮ್ ಹೀಟರ್. ಯಾರೋ ಮನೆ ಖಾಲಿ ಮಾಡುವಾಗ ಕಡಿಮೆಗೆ ಕೊಟ್ಟರು ಅಂತ ತಂದೆವು. ಎರಡು ಕಡ್ಡಿ ಇರುವ 2,000 ವ್ಯಾಟ್‌ನದು. ಎರಡೂ ಕಡ್ಡಿ ಹಾಕಿದರೆ ಗಂಟೆಗೆ 2 ಯೂನಿಟ್. ಸಂಜೆ ಮಗ ಓದುವ ಹೊತ್ತಿಗೆ ಹಾಕಿ, ಮಲಗುವ ತನಕ ಮೂರು ಗಂಟೆ ಉರಿಸುತ್ತಿದ್ದೆವು. ಸುಖ ಅನ್ನಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹಂಚಿನ ಮನೆಯಲ್ಲಿ ಬಿಸಿ ಗಾಳಿ ನಿಲ್ಲುವುದೇ ಇಲ್ಲ, ಮೇಲಕ್ಕೇರಿ ಹಂಚಿನ ಸಂದಿಯಲ್ಲಿ ಹೋಗುತ್ತದೆ. ಆರಿಸಿ ಹತ್ತು ನಿಮಿಷಕ್ಕೆ ಮತ್ತೆ ಮೊದಲಿನಂತೆ ಥಂಡಿ.

ಬಿಲ್ಲು ಬಂದಾಗ ಗೊತ್ತಾಯಿತು. ನಮ್ಮದು ಗೃಹಜ್ಯೋತಿ ಸಂಪರ್ಕ. 2022-23ರ ಸರಾಸರಿ 52 ಯೂನಿಟ್ ಇತ್ತು, ಅದಕ್ಕೆ ಶೇಕಡಾ 10 ಸೇರಿಸಿ 57 ಯೂನಿಟ್ ತನಕ ನಮಗೆ ಸೊನ್ನೆ ಬಿಲ್. 57 ದಾಟಿದರೆ ಜಾಸ್ತಿ ಸುಟ್ಟಷ್ಟಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಆ ಜುಲೈನಲ್ಲಿ ಮೀಟರ್ ತೋರಿಸಿದ್ದು 211. ಬರೀ 11 ಯೂನಿಟ್ ಹೆಚ್ಚಾಗಿದ್ದಕ್ಕೆ ಆ 57ರ ಲಾಭವೂ ಹೋಯಿತು. ಯೂನಿಟ್‌ಗೆ ಹೆಚ್ಚೂಕಡಿಮೆ 6 ರೂಪಾಯಿ, ಜೊತೆಗೆ ತೆರಿಗೆ, ನಿಗದಿತ ಶುಲ್ಕ ಎಲ್ಲ ಸೇರಿ 1,540. ಕೈಸಾಲದ ಒಂದು ತಿಂಗಳ ಬಡ್ಡಿಗಿಂತ ಜಾಸ್ತಿ! ಬಿಲ್ಲನ್ನು ಬಡ್ಡಿ ಬರೆದಿಡುವ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದಾಗ ಹೊಟ್ಟೆ ಉರಿಯಿತು. ಅದರ ಮೇಲೆ ಇಲ್ಲಿ ಗಾಳಿಮಳೆಗೆ ತಂತಿ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಚಳಿ ಜಾಸ್ತಿ ಇರುವುದೂ ಅದೇ ದಿನ.

ಆಮೇಲೆ ಕೆಂಡಕ್ಕೆ ಬಂದೆವು. ಇದರಲ್ಲಿ ನಾವು ದೊಡ್ಡ ತಪ್ಪು ಮಾಡಿದ್ದೇವೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಬಚ್ಚಲಲ್ಲಿ ಹಂಡೆ ಒಲೆ ಇದೆ. ಸಂಜೆ ನೀರು ಕಾಯಿಸಿದ ಮೇಲೆ ಕೆಂಡ ಹೇಗೂ ಉಳಿಯುತ್ತದೆ. ಅದನ್ನು ಹಳೆ ಕಬ್ಬಿಣದ ಬಾಣಲೆಗೆ ತುಂಬಿ, ಮೇಲೆ ತೆಳ್ಳಗೆ ಬೂದಿ ಮುಚ್ಚಿ ಒಳಗೆ ತಂದಿಡುತ್ತಿದ್ದೆವು. ಬೂದಿ ಮುಚ್ಚಿದ ಕೆಂಡ ನಿಧಾನಕ್ಕೆ ಉರಿದು ಎರಡು, ಎರಡೂವರೆ ಗಂಟೆ ಕಾವು ಕೊಡುತ್ತದೆ. ಅತ್ತೆಗೆ ಅದರ ಮುಂದೆ ಕೂತು ಕೈ ಕಾಯಿಸಿಕೊಳ್ಳುವುದು ಅಂದರೆ ಬಲು ಇಷ್ಟ. ಖರ್ಚು ಒಂದು ಪೈಸೆ ಇಲ್ಲ.

ಒಂದು ರಾತ್ರಿ ಗಾಳಿ ವಿಪರೀತ ಇತ್ತು. ಅತ್ತೆ ಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ತುರುಕಿ, ಬಾಣಲೆ ಒಳಗಿಟ್ಟು ಮಲಗಿಸಿದೆ. ಹನ್ನೊಂದು ಗಂಟೆ ಹೊತ್ತಿಗೆ ಅತ್ತೆ ಕರೆದರು. "ಯಾಕೋ ತಲೆ ತುಂಬಾ ನೋಯ್ತಿದೆ ಮಗಾ, ವಾಂತಿ ಬಂದ ಹಾಗೆ ಆಗ್ತಿದೆ." ಏಳಿಸಿ ಕೂರಿಸಿದರೆ ತಲೆ ಸುತ್ತಿ ನನ್ನ ಮೇಲೆ ವಾಲಿದರು. ಕೋಣೆಯಲ್ಲಿ ಹೊಗೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ಯಜಮಾನರಿಗೆ ತಕ್ಷಣ ಹೊಳೆಯಿತು. ಬಾಣಲೆ ಹೊರಗೆ ಎಸೆದು, ಕಿಟಕಿ ಬಾಗಿಲು ಎಲ್ಲ ತೆಗೆದು, ಅತ್ತೆಯನ್ನು ಎತ್ತಿಕೊಂಡು ಬಂದು ಜಗಲಿಯಲ್ಲಿ ಕೂರಿಸಿದರು. ಬೆಳಿಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದೆ ಹೋಗಬಹುದು. ಆ ರಾತ್ರಿ ಅತ್ತೆಗೆ ಎಚ್ಚರವಾಗಿದ್ದು ನಮ್ಮ ಪುಣ್ಯ.

ಈಗ ಕೆಂಡ ಜಗಲಿಗೆ ಮಾತ್ರ, ಇಲ್ಲವೇ ಬಾಗಿಲು ತೆರೆದ ಅಡುಗೆಮನೆಗೆ. ಮಲಗುವ ಕೋಣೆಗೆ ಇಲ್ಲವೇ ಇಲ್ಲ. ಕಿಟಕಿ ಸ್ವಲ್ಪ ತೆರೆದಿದ್ದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ನಿದ್ದೆ ಮಾಡುವಾಗ ಬೇಡವೇ ಬೇಡ. ಎಷ್ಟೇ ದುಡ್ಡು ಉಳಿಯಲಿ, ಬೇಡ.

ಕೆಂಡ ಹೋದ ಮೇಲೆ ಬಂದಿದ್ದು ರಬ್ಬರಿನ ಬಿಸಿನೀರಿನ ಬ್ಯಾಗ್. ಮೆಡಿಕಲ್ ಶಾಪಿನಲ್ಲಿ ಮುನ್ನೂರು ರೂಪಾಯಿ ಒಳಗೆ ಸಿಕ್ಕಿತು. ಎರಡು ಲೀಟರ್ ಹಿಡಿಯುತ್ತದೆ, ಒಂದೂವರೆ ತುಂಬಿದರೆ ಸಾಕು. ಹಂಡೆಯಲ್ಲಿ ಹೇಗೂ ನೀರು ಬಿಸಿ ಇರುತ್ತದೆ. ಕುದಿಯುವ ನೀರು ಹಾಕಬಾರದು, ರಬ್ಬರ್ ಬೇಗ ಹಾಳಾಗುತ್ತದೆ, ಮೈಯೂ ಸುಡುತ್ತದೆ. ತುಂಬಿದ ಮೇಲೆ ಮೆಲ್ಲಗೆ ಒತ್ತಿ, ಒಳಗಿನ ಗಾಳಿ ತೆಗೆದು ಬಿರಡೆ ತಿರುಗಿಸಬೇಕು. ಮೇಲೆ ಹಳೆ ಟವೆಲ್ ಸುತ್ತಿ, ಮಲಗುವ ಅರ್ಧ ಗಂಟೆ ಮುಂಚೆ ಹಾಸಿಗೆಯ ನಡುವೆ ಇಟ್ಟು ಹೊದಿಕೆ ಮುಚ್ಚಬೇಕು. ಮಲಗುವಾಗ ಕಾಲ ಹತ್ತಿರ ತಳ್ಳಿಕೊಳ್ಳಬೇಕು. ಇಷ್ಟೇ. ಹಾಸಿಗೆಯ ಆ ಹಸಿ ಥಂಡಿ ಹೋಗುತ್ತದೆ. ಪಾದ ಬೆಚ್ಚಗಾದರೆ ನಿದ್ದೆ ತಾನಾಗಿ ಬರುತ್ತದೆ.

ಎರಡು ಸಾವಿರ ವ್ಯಾಟ್ ಹೀಟರ್ ಇಡೀ ಕೋಣೆಗೆ ಮಾಡಲಾಗದ ಕೆಲಸವನ್ನು ಒಂದೂವರೆ ಲೀಟರ್ ನೀರು ಹಾಸಿಗೆಯೊಳಗೆ ಮಾಡಿತು. ನನಗೆ ಅಲ್ಲಿಂದಲೇ ಯೋಚನೆ ಬದಲಾಯಿತು. ನಮ್ಮಂಥ ಹಂಚಿನ ಮನೆಯಲ್ಲಿ ಕೋಣೆ ಕಾಯಿಸೋಕೆ ಹೋಗಬಾರದು, ಮೈ ಕಾಯಿಸಬೇಕು. ಆದರೆ ಬ್ಯಾಗನ್ನು ವರ್ಷಕ್ಕೊಮ್ಮೆ ಬದಲಾಯಿಸಿ. ನಮ್ಮದೊಂದು ಹಳೆಯದಾಗಿ ಕತ್ತಿನ ಹತ್ತಿರ ಬಿರುಕು ಬಿಟ್ಟು, ಮಗನ ಹಾಸಿಗೆ ಪೂರ್ತಿ ನೆನೆಯಿತು. ಮಳೆಗಾಲದಲ್ಲಿ ನೆನೆದ ಹತ್ತಿ ಹಾಸಿಗೆ ಒಣಗಿಸೋದು ಅಂದ್ರೆ ಏನಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಂಬತ್ತು ದಿನ ಹಿಡಿಯಿತು.

ಕರೆಂಟಿನ ಹಾಸಿಗೆ ಹೊದಿಕೆಯನ್ನೂ ನಾದಿನಿ ಮನೆಯಿಂದ ತಂದು ಎರಡು ವಾರ ನೋಡಿದೆ. ಒಬ್ಬರು ಮಲಗುವಂಥದ್ದು 100 ವ್ಯಾಟ್ ಒಳಗಿರುತ್ತದೆ, ರಾತ್ರಿಯಿಡೀ ಹಾಕಿದರೂ ಒಂದು ಯೂನಿಟ್ ಆಗುವುದಿಲ್ಲ. ಹೀಟರಿಗೆ ಹೋಲಿಸಿದರೆ ಬಹಳ ಅಗ್ಗ. ಆದರೂ ನನಗೆ ಮನಸ್ಸು ಒಪ್ಪಲಿಲ್ಲ. ಹಾಸಿಗೆಯೇ ಹಸಿ ಇರುವ ಊರಿನಲ್ಲಿ ಅದರ ಮೇಲೆ ತಂತಿ ಹಾಸಿ ಮಗನನ್ನು ಮಲಗಿಸೋಕೆ ಧೈರ್ಯ ಬರಲಿಲ್ಲ. ಒಣ ಕೋಣೆ, ಒಳ್ಳೆ ಅರ್ತಿಂಗ್ ಇರುವವರು ಯೋಚಿಸಬಹುದು.

ಇನ್ನು ಹೊದಿಕೆ. ಮೂರು ಥರದ್ದು ಪಕ್ಕಪಕ್ಕ ಇಟ್ಟು ನೋಡಿದ್ದೇವೆ. ಹತ್ತಿ ತುಂಬಿದ ರಜಾಯಿ ಜನವರಿಗೆ ಚೆನ್ನ, ಜುಲೈಗೆ ಆಗುವುದಿಲ್ಲ. ತೇವ ಕುಡಿದು ಭಾರವಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ನುಣುಪಾದ ಬಣ್ಣಬಣ್ಣದ ಸಿಂಥೆಟಿಕ್ ಬ್ಲಾಂಕೆಟ್ ಬೇಗ ಒಣಗುತ್ತದೆ, ಒಗೆಯೋಕೆ ಸುಲಭ, ಆದರೆ ಗಾಳಿ ತಡೆಯುವುದಿಲ್ಲ. ಕುರಿ ಉಣ್ಣೆಯ ಕರಿ ಕಂಬಳಿ ಚುಚ್ಚುತ್ತದೆ, ನಿಜ. ಆದರೆ ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಬೆಚ್ಚಗೇ ಇರುತ್ತದೆ. ಹಿಂದಿನವರು ಈ ಮಳೆಯಲ್ಲಿ ಕಂಬಳಿ ಹೊದ್ದು ಗದ್ದೆ ನಾಟಿಗೆ ಇಳಿಯುತ್ತಿದ್ದದ್ದು ಸುಮ್ನೆ ಅಲ್ಲ. ಮೈಗೆ ತಾಗುವ ಕಡೆ ಹಳೆ ಕಾಟನ್ ಸೀರೆ, ಅದರ ಮೇಲೆ ಕಂಬಳಿ. ಚುಚ್ಚುವುದೂ ನಿಂತಿತು.

ಹೊದೆಯೋದಕ್ಕಿಂತ ಹಾಸೋದು ಮುಖ್ಯ ಅಂತ ಕಲಿಸಿದ್ದು ಪಕ್ಕದ ಮನೆ ಅಜ್ಜಿ. "ಮೇಲೆ ಎಷ್ಟು ಹೊದ್ದರೇನು, ನೆಲ ಕೆಳಗಿಂದ ಎಳೀತದಲ್ಲ" ಅಂದರು. ಮಗ ನೆಲದ ಮೇಲೆ ಮಲಗುತ್ತಾನೆ. ಕೆಳಗೆ ಕಾಫಿಯ ಎರಡು ಖಾಲಿ ಗೋಣಿಚೀಲ, ಅದರ ಮೇಲೆ ಚಾಪೆ, ಆಮೇಲೆ ಒಂದು ಹಳೆ ಕಂಬಳಿ, ಅದರ ಮೇಲೆ ಹಾಸಿಗೆ. ಗೋಣಿಯನ್ನು ದಿನಾ ಬೆಳಿಗ್ಗೆ ಎತ್ತಿ ಒಲೆ ಹತ್ತಿರ ನೇತುಹಾಕಬೇಕು, ಇಲ್ಲದಿದ್ದರೆ ಅಡಿಯಲ್ಲಿ ನೀರು ಬೆವರುತ್ತದೆ. ಇದನ್ನು ಮಾಡಿದ ಮೇಲೆ ಅವನಿಗೆ ರಾತ್ರಿ ಕೆಮ್ಮು ಕಡಿಮೆಯಾಯಿತು.

ಸ್ನಾನದ ನೀರಿಗೆ ರಾಡ್ ಮತ್ತು ಹಂಡೆ ಒಲೆ ಎರಡೂ ನೋಡಿದೆವು. 20 ಲೀಟರ್ ನೀರು ಹದ ಬಿಸಿಗೆ ಬರೋಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ನಾಲ್ಕು ಜನಕ್ಕೆ ದಿನಕ್ಕೆ ಎರಡು ಯೂನಿಟ್‌ಗೂ ಹೆಚ್ಚು, ತಿಂಗಳಿಗೆ ನಮ್ಮ 57 ಅಲ್ಲೇ ಮುಗಿಯುತ್ತದೆ. ಹಂಡೆಗೆ ಕಾಫಿ ಕಪಾತಿನ, ಅಂದರೆ ಗಿಡ ಸವರಿದಾಗ ಬೀಳುವ, ಕಡ್ಡಿ ಸಾಕು. ತೋಟದವರು ಒಯ್ಯೋಕೆ ಬಿಡುತ್ತಾರೆ. ಆದರೆ ಮೇ ಮುಗಿಯುವುದರೊಳಗೆ ಕಡಿದು, ಒಣಗಿಸಿ, ಮಾಡಿನ ಕೆಳಗೆ ಜೋಡಿಸಿರಬೇಕು. ಹಸಿ ಕಟ್ಟಿಗೆಯ ಕಾವೆಲ್ಲ ಅದರೊಳಗಿನ ನೀರು ಆರಿಸೋಕೇ ಹೋಗಿ, ನಮಗೆ ಉಳಿಯುವುದು ಹೊಗೆ, ಕಣ್ಣುರಿ. ಮೊದಲ ವರ್ಷ ಸೋಮಾರಿತನ ಮಾಡಿ ಜೂನ್ ಮೊದಲ ವಾರಕ್ಕೆ ಸಿಕ್ಕಿಹಾಕಿಕೊಂಡಿದ್ದೆವು.

ಬಟ್ಟೆ ಒಣಗಿಸೋದು ಕೂಡ ಬೆಚ್ಚಗಿರೋ ವಿಷಯವೇ. ಅರೆ ಒದ್ದೆ ಬನಿಯನ್ ಹಾಕಿಕೊಂಡವರಿಗೆ ಯಾವ ಕಂಬಳಿಯೂ ಸಾಲದು. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬೇಗ ಒಣಗುತ್ತದೆ, ಆದರೆ ಯೂನಿಫಾರ್ಮಿಗೆ ಹೊಗೆ ವಾಸನೆ. ಮಗ ಸ್ಕೂಲಿಗೆ ಹೋಗೋಕೆ ಮುಖ ಸಣ್ಣದು ಮಾಡಿದ. ಇಸ್ತ್ರಿ ಹಾಕಿ ಒಣಗಿಸಿದರೆ ಕರೆಂಟ್ ಜಾಸ್ತಿ, ಬಟ್ಟೆಯೂ ಹಾಳು. ಈಗ ಒಣ ಟವೆಲಿನಲ್ಲಿ ಯೂನಿಫಾರ್ಮ್ ಸುತ್ತಿ ಹಿಂಡಿ, ಯಾರೂ ಮಲಗದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹಾಕುತ್ತೇವೆ. 75 ವ್ಯಾಟ್ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ 0.6 ಯೂನಿಟ್. ಒಳಬಟ್ಟೆ, ಸಾಕ್ಸ್ ಮಾತ್ರ ಒಲೆಯ ಹಗ್ಗಕ್ಕೆ.

ದುಡ್ಡು ಹಾಕಿದ್ದರಲ್ಲಿ ಸ್ವಲ್ಪವೂ ಬೇಸರವಾಗದ್ದು ಅಂದರೆ ಗಾಳಿ ಬೀಸುವ ಕಡೆಯ ಗೋಡೆಗೆ ಕಟ್ಟಿದ ಟಾರ್ಪಾಲು. ಪಶ್ಚಿಮದ ಗೋಡೆ ಮಳೆ ಹೊಡೆತಕ್ಕೆ ಒಳಗಿನ ತನಕ ನೆನೆಯುತ್ತಿತ್ತು. ಕಟ್ಟಿದ ವರ್ಷ ಆ ಕೋಣೆಯ ಗೋಡೆಗೆ ಕೈ ಇಟ್ಟರೆ ಒದ್ದೆ ತಾಗಲಿಲ್ಲ. ಒಣಗಿದ ಗೋಡೆಯೇ ಅರ್ಧ ಕಾವು ಕೊಟ್ಟ ಹಾಗೆ. ಮೇ ತಿಂಗಳಲ್ಲಿ ಒಂದೇ ವಸ್ತು ಕೊಳ್ಳೋಕೆ ಆಗುತ್ತದೆ ಅಂದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ. ಎರಡನೆಯದು ಕಂಬಳಿ, ಮೂರನೆಯದು ಬಿಸಿನೀರಿನ ಬ್ಯಾಗ್.

ಸಂಜೆ ಹೊಟ್ಟೆಗೆ ಬಿಸಿ ಬೀಳಬೇಕು. ಹುರುಳಿ ಸಾರು, ಕುಚ್ಚಲಕ್ಕಿ ಗಂಜಿ, ಹಿತ್ತಲಿನ ಕೆಸದ ಸೊಪ್ಪು, ಶುಂಠಿ ಜಜ್ಜಿ ಹಾಕಿದ, ಹಾಲಿಲ್ಲದ ಬೆಲ್ಲದ ಕಾಫಿ. ಹಾಲಿನ ಖರ್ಚೂ ಇಳಿಯಿತು.

ಹೀಟರನ್ನು ಮಾರಲಿಲ್ಲ. ಅದು ಅತ್ತೆಯ ಕೋಣೆಯಲ್ಲಿದೆ. ಅವರು ಸ್ನಾನ ಮುಗಿಸಿ ಬಂದ ಮೇಲೆ ಒಂದೇ ಕಡ್ಡಿ, ಅರ್ಧ ಗಂಟೆ. ದಿನಕ್ಕೆ ಅರ್ಧ ಯೂನಿಟ್. ವಯಸ್ಸಾದವರ ಮೈ ತಾನಾಗಿ ಬೇಗ ಬಿಸಿಯಾಗುವುದಿಲ್ಲ. "ಸಾಲ ಇರುವಾಗ ನನಗ್ಯಾಕಮ್ಮ ಇದು" ಅಂತ ಅವರೇ ಸ್ವಿಚ್ ಆರಿಸೋಕೆ ಬರುತ್ತಾರೆ. "ಅತ್ತೆ, ಇದನ್ನ ಲೆಕ್ಕದಲ್ಲಿ ಬರೆದೇ ಇಟ್ಟಿದೀನಿ, ನೀವು ಕೂತ್ಕೊಳ್ಳಿ" ಅನ್ನುತ್ತೇನೆ.

ಈ ಜುಲೈ ಮೀಟರ್ 71 ತೋರಿಸಿತು. 57 ಕಳೆದು 14 ಯೂನಿಟ್‌ಗೆ ಕಟ್ಟಿದೆವು. ಹೋದ ವರ್ಷಕ್ಕಿಂತ ಉಳಿದದ್ದನ್ನು ಅದೇ ದಿನ ಕೈಸಾಲದ ಅಸಲಿಗೆ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬಂದೆ. ಅಸಲು ಈಗ 22,000ಕ್ಕೆ ಇಳಿದಿದೆ, ಬಡ್ಡಿ ತಿಂಗಳಿಗೆ 440.