ಸಾವಯವ ಸಾಂಬಾರ ಪದಾರ್ಥಗಳು: ನಾಲ್ಕು ವರ್ಷ ಬಳಸಿದ ಮೇಲೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಐದು ಜನರಿದ್ದೇವೆ. ವರ್ಷಕ್ಕೆ ಐದು ಕಿಲೋ ಒಣಮೆಣಸಿನಕಾಯಿ, ನಾಲ್ಕು ಕಿಲೋ ಕೊತ್ತಂಬರಿ ಬೀಜ, ಒಂದೂವರೆ ಕಿಲೋ ಕಾಳುಮೆಣಸು, ಅದಕ್ಕೆ ತಕ್ಕಷ್ಟು ಜೀರಿಗೆ, ಮೆಂತ್ಯ, ಅರಿಶಿನ, ಏಲಕ್ಕಿ ಖರ್ಚಾಗುತ್ತವೆ. 2021ರ ಯುಗಾದಿಯ ಹೊತ್ತಿಗೆ ಇವೆಲ್ಲವನ್ನೂ ಸಾವಯವದಲ್ಲೇ ತರುವುದೆಂದು ತೀರ್ಮಾನಿಸಿದೆವು. ಮೊದಲ ವರ್ಷ ಆನ್‌ಲೈನ್‌ನಲ್ಲಿ ಮಾರುವ ಒಂದು ಬ್ರ್ಯಾಂಡಿನಿಂದ ತರಿಸಿದೆ, ಆಮೇಲೆ ಪೇಟೆಯ ಸಾವಯವ ಅಂಗಡಿಗೆ ಹೋದೆ, ಈಗ ಕೆಲವನ್ನು ನೇರವಾಗಿ ಬೆಳೆಗಾರರಿಂದಲೇ ಕೊಳ್ಳುತ್ತಿದ್ದೇನೆ. ನಾನು ಕೊಟ್ಟ ಬೆಲೆ ಸಾಮಾನ್ಯ ಸಾಮಾನಿಗಿಂತ ಸರಾಸರಿ ಒಂದೂವರೆ ಪಟ್ಟು. ಆ ಹೆಚ್ಚಿನ ಹಣ ಕೆಲವು ಪದಾರ್ಥಗಳಲ್ಲಿ ಸಾರ್ಥಕವಾಗಿದೆ, ಕೆಲವದರಲ್ಲಿ ವ್ಯರ್ಥವಾಗಿದೆ.

ವ್ಯರ್ಥವಾದದ್ದನ್ನು ಮೊದಲು ಹೇಳುತ್ತೇನೆ. ಆರಂಭದಲ್ಲಿ ನಾನು ಕೊಂಡದ್ದು ಪುಡಿಗಳನ್ನು. ಪೊಟ್ಟಣದ ಮೇಲಿದ್ದದ್ದು ತುಂಬಿದ ದಿನಾಂಕವೇ ಹೊರತು ಬೆಳೆ ಕೊಯ್ದ ವರ್ಷವಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ. ಕೊತ್ತಂಬರಿ ಪುಡಿಗೆ ಒಣಹುಲ್ಲಿನ ವಾಸನೆ ಇತ್ತು. ಸಾರಿಗೆ ಎರಡು ಚಮಚ ಹಾಕುವ ಕಡೆ ನಾಲ್ಕು ಚಮಚ ಹಾಕಿದರೂ ಘಮ ಬರಲಿಲ್ಲ. ಅದೇ ಬ್ರ್ಯಾಂಡಿನ ಇಡೀ ಕೊತ್ತಂಬರಿ ಬೀಜದ ಪೊಟ್ಟಣವನ್ನು ಮೊರಕ್ಕೆ ಸುರಿದಾಗ ಸಣ್ಣ ಕಂದು ಹುಳಗಳು ಹರಿದಾಡಿದವು. ದೂರು ಕೊಟ್ಟಿದ್ದಕ್ಕೆ, ಸಾವಯವವಾದ್ದರಿಂದ ಹುಳ ಬರುವುದು ಸಹಜ ಎಂಬ ಉತ್ತರ ಬಂತು. ಅದರಲ್ಲಿ ಅರ್ಧ ಸತ್ಯವಿದೆ. ಸಾವಯವ ಸರಕಿಗೆ ಗೋದಾಮಿನಲ್ಲಿ ರಾಸಾಯನಿಕ ಹೊಗೆ ಕೊಡುವಂತಿಲ್ಲ. ಆದರೆ ಸೀಲು ಮಾಡಿದ ಪೊಟ್ಟಣದೊಳಗೆ ಹುಳ ಮರಿಮಾಡಿ ಪುಡಿ ಉದುರಿಸುವಷ್ಟು ಕಾಲ ಸರಕು ಕೂತಿತ್ತೆಂದರೆ ಅದು ಹಳೆಯ ದಾಸ್ತಾನು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಂದಿನಿಂದ ಪುಡಿ ಕೊಳ್ಳುವುದನ್ನು ಬಿಟ್ಟಿದ್ದೇನೆ.

ಹಣ ಸಾರ್ಥಕವಾದದ್ದು ಮುಖ್ಯವಾಗಿ ಒಣಮೆಣಸಿನಕಾಯಿಯಲ್ಲಿ. ಮೆಣಸಿನಗಿಡಕ್ಕೆ ಥ್ರಿಪ್ಸ್ ಎಂಬ ಸಣ್ಣ ಕೀಟ ಮತ್ತು ನುಸಿಯ ಕಾಟ ಹೆಚ್ಚಾದ್ದರಿಂದ ಔಷಧ ಹೊಡೆಯುವುದೂ ಹೆಚ್ಚು. ಮೇಲಾಗಿ ಹಣ್ಣು ತರಕಾರಿಯಂತೆ ಅದನ್ನು ನಾವು ತೊಳೆಯುವುದಿಲ್ಲ, ಸಿಪ್ಪೆ ಸುಲಿಯುವುದೂ ಇಲ್ಲ, ತೊಟ್ಟು ಮುರಿದು ಹಾಗೆಯೇ ಹುರಿಯುತ್ತೇವೆ. ನಾನು ತರಿಸುವುದು ಹಾವೇರಿ ಕಡೆಯ ಬ್ಯಾಡಗಿ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ಮೈಯೆಲ್ಲ ಸುಕ್ಕಿರುವ, ಖಾರ ಕಡಿಮೆ ಬಣ್ಣ ಹೆಚ್ಚು ಇರುವ ಕಾಯಿ. ಸಾವಯವದ ಚೀಲದಲ್ಲಿ ಕಾಯಿಗಳು ಒಂದೇ ಸಮನಾಗಿರುವುದಿಲ್ಲ. ಬಿಳಿಚಿಕೊಂಡದ್ದು, ಚುಕ್ಕೆ ಬಿದ್ದದ್ದು, ಮುರುಟಿದ್ದು ಎಂದು ಐದು ಕಿಲೋಗೆ ಕಾಲು ಕಿಲೋ ಆರಿಸಿ ಎಸೆಯಬೇಕಾಗುತ್ತದೆ. ಬೆಲೆ ಲೆಕ್ಕ ಹಾಕುವಾಗ ಈ ನಷ್ಟವನ್ನೂ ಸೇರಿಸಿಕೊಳ್ಳಬೇಕು. ಇನ್ನೊಂದು ಮಾತು: ಇಷ್ಟೆಲ್ಲ ಮಾಡಿ ಮಿಲ್ಲಿಗೆ ಒಯ್ದರೆ, ನಮಗಿಂತ ಮುಂಚೆ ಬಂದವರ ಖಾರದಪುಡಿ ಯಂತ್ರದಲ್ಲಿ ಉಳಿದಿರುತ್ತದೆ. ಮೊದಲ ಬೊಗಸೆಯನ್ನು ನಾನು ಬೇರೆ ಪೊಟ್ಟಣಕ್ಕೆ ತೆಗೆಸುತ್ತೇನೆ, ಮಿಲ್ಲಿನವರು ಪ್ರತಿಸಲವೂ ನಗುತ್ತಾರೆ.

ಕಾಳುಮೆಣಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ. ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಗೆ ಬಳ್ಳಿ ಹಬ್ಬಿರುವ ಜಿಲ್ಲೆಯಲ್ಲಿ ಕೂತು ಎಲ್ಲಿಯದೋ ಸಾವಯವ ಮೆಣಸನ್ನು ಅಂಚೆಯಲ್ಲಿ ತರಿಸಿಕೊಂಡದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ. ಮೂರು ವರ್ಷದಿಂದ ಮೂಡಿಗೆರೆ ಕಡೆಯ ಒಬ್ಬ ಸಣ್ಣ ಬೆಳೆಗಾರರಿಂದ ಫೆಬ್ರುವರಿಯಲ್ಲಿ ಕೊಳ್ಳುತ್ತೇನೆ. ಮೊದಲ ಸಲವೇ ಅವರು, "ಅಕ್ಕಾ, ಸಾವಯವ ಅಂತ ನಾನು ಹೇಳೋದಿಲ್ಲ. ಗೊಬ್ಬರ ಕೊಟ್ಟಿಗೆದೇ, ಆದರೆ ಮಳೆಗಾಲದಲ್ಲಿ ಬೋರ್ಡೋ ಹೊಡೀದೆ ಇದ್ದರೆ ಬಳ್ಳಿ ಉಳಿಯೋದಿಲ್ಲ" ಎಂದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸೊರಗು ರೋಗ ತಡೆಯಲು ಮಿತಿಯೊಳಗೆ ಬಳಸಲು ಸಾವಯವ ಕೃಷಿಯ ನಿಯಮಗಳಲ್ಲೇ ಅವಕಾಶವಿದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಬಿಡಿಸಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಕಣದಲ್ಲಿ ಒಣಗಿಸಿದ ಕಾಳು ಒಂದೇ ಸಮನೆ ಕಪ್ಪಗಿರುತ್ತದೆ. ಲೀಟರ್ ಪಾವಿನಲ್ಲಿ ತುಂಬಿ ತೂಗಿದಾಗ ಅವರ ಮೆಣಸು 560 ಗ್ರಾಂ ಬಂತು. ಅಂಚೆಯಲ್ಲಿ ಬಂದಿದ್ದ ದುಬಾರಿ ಮೆಣಸು 480 ಗ್ರಾಂ ದಾಟಲಿಲ್ಲ, ಅಂದರೆ ಅದರಲ್ಲಿ ಜೊಳ್ಳು ಬಹಳವಿತ್ತು. ನೆಗಡಿಯಾದಾಗ ಮಾಡುವ ಮೆಣಸಿನ ಸಾರಿನಲ್ಲಿ ಈ ವ್ಯತ್ಯಾಸ ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ಏಲಕ್ಕಿಗೆ ಮಾತ್ರ ಪ್ರಮಾಣಪತ್ರವಿರುವುದನ್ನೇ ಹುಡುಕುತ್ತೇನೆ, ಏಕೆಂದರೆ ಕೀಟನಾಶಕ ಹೆಚ್ಚು ಬೀಳುವ ತೋಟದ ಬೆಳೆಗಳಲ್ಲಿ ಅದೂ ಒಂದು. ಸಕಲೇಶಪುರದ ಕಡೆಯಿಂದ ಬರುವ ಸಾವಯವ ಏಲಕ್ಕಿಯ ಸಿಪ್ಪೆಯ ಮೇಲೆ ಥ್ರಿಪ್ಸ್ ಕೆರೆದ ಕಂದು ಹುರುಕು ಇರುತ್ತದೆ, ಬಣ್ಣವೂ ಮಂಕು. ನಮ್ಮ ಅತ್ತೆಯವರು ಮೊದಲು ಅದನ್ನು ಕಂಡು, ದೇವರ ನೈವೇದ್ಯದ ಪಾಯಸಕ್ಕೆ ಇದೇನಿದು ಎಂದು ಮುಖ ಸಿಂಡರಿಸಿದರು. ಸುಲಿದು ನೋಡಿದರೆ ಒಳಗೆ ಕಪ್ಪು ಕಾಳುಗಳು ಬೆರಳಿಗೆ ಅಂಟುವಷ್ಟು ಎಣ್ಣೆಯಿಂದ ತುಂಬಿದ್ದವು. ಎದ್ದು ಕಾಣುವ ಹಸಿರು ಒಳ್ಳೆಯ ಏಲಕ್ಕಿಯ ಗುರುತೆಂದು ನಾವು ತಿಳಿದಿದ್ದೆವು. ಒಣಗಿಸುವ ಮೊದಲು ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿದರೂ ಆ ಹಸಿರು ಉಳಿಯುತ್ತದೆ.

ಪೊಟ್ಟಣದ ಮೇಲಿನ ಸಾವಯವ ಗುರುತುಗಳ ಬಗ್ಗೆ ನೆರೆಹೊರೆಯವರು ಕೇಳುತ್ತಿರುತ್ತಾರೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಾಪುರದವರು ನಮ್ಮ ದೇಶದ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ರಾಸಾಯನಿಕ ಕಂಡುಬಂತೆಂದು ಮಾರಾಟ ತಡೆದ ಮೇಲಂತೂ ಕೇಳುವವರು ಹೆಚ್ಚಾದರು. ಆಗ ಪೊಟ್ಟಣದ ಸಾವಯವಕ್ಕೆ ಜೈವಿಕ್ ಭಾರತ್ ಎಂಬ ಸರ್ಕಾರಿ ಗುರುತು ಇರಬೇಕಿತ್ತು. ಆದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮಾವಳಿಯಲ್ಲಿ ತಾನೇ ಬೆಳೆದು ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ಪ್ರಮಾಣೀಕರಣದಿಂದ ವಿನಾಯಿತಿ ಇರುವುದರಿಂದ, ಸಂತೆಯಲ್ಲಿ ಗುರುತಿಲ್ಲದೆ ಮಾರುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಬೇಕಿಲ್ಲ.

ಜೀರಿಗೆ ಮತ್ತು ಕೊತ್ತಂಬರಿಯನ್ನು ಈಗಲೂ ಸಾವಯವ ಅಂಗಡಿಯಿಂದಲೇ, ಮೂರು ತಿಂಗಳಿಗಾಗುವಷ್ಟು ಮಾತ್ರ ತರುತ್ತೇನೆ. ಮೆಂತ್ಯ, ಸಾಸಿವೆಗಳಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅರಿಶಿನವನ್ನು ಪಾಲಿಶ್ ಮಾಡದ, ಮಣ್ಣುಬಣ್ಣದ ಕೊಂಬಿನ ರೂಪದಲ್ಲಿ ಕೊಂಡು ಮಿಲ್ಲಿನಲ್ಲಿ ಪುಡಿ ಮಾಡಿಸುತ್ತೇನೆ; ಬೆಳಕಿಗೆ ಬಣ್ಣ ಕಂದುವುದರಿಂದ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ. ಒಣಗಿಸಿ ಪುಡಿಮಾಡುವ ಕೆಲಸವೆಲ್ಲ ಏಪ್ರಿಲ್ ಕೊನೆಗೆ ಮುಗಿಯಲೇಬೇಕು. ಎರಡನೆಯ ವರ್ಷ ನಾನು ತಡಮಾಡಿ, ಜೂನ್ ಮಳೆ ಹಿಡಿದ ಮೇಲೆ ಚೀಲ ಬಿಚ್ಚಿ, ಎರಡು ಕಿಲೋ ಸಾವಯವ ಬ್ಯಾಡಗಿಯನ್ನು ಬೂಷ್ಟು ಹಿಡಿಸಿ ಗೊಬ್ಬರದ ಗುಂಡಿಗೆ ಸುರಿದೆ.