ಬರಹ ಎಲ್ಲಿಗೆ ಹೋಯಿತು, ಏನಾಯಿತು: ಲೆಕ್ಕ ಇಡುವ ಸಾಧನಗಳು, ದೀರ್ಘಕಾಲದ ಬಳಕೆಯ ನಂತರ

ಯಾವ ಬರಹವನ್ನು ಯಾವ ಪತ್ರಿಕೆಗೆ ಕಳಿಸಿದೆವು, ಏನು ಉತ್ತರ ಬಂತು ಎಂದು ಲೆಕ್ಕ ಇಡುವ ಸಾಧನಗಳ ಬಗ್ಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಪತ್ರಿಕೆಗಳಿಗೆ ಕತೆ ಕಳಿಸುವವರಿಗೆ ‘ದಿ ಸಬ್ಮಿಷನ್ ಗ್ರೈಂಡರ್’ ಎಂಬ ಜಾಲತಾಣ ಸಾಕು. ಕವಿತೆ ಮತ್ತು ಅನುವಾದ ಹೆಚ್ಚು ಕಳಿಸುವವರು ‘ಡ್ಯುಯೋಟ್ರೋಪ್’ ಎಂಬ ಇನ್ನೊಂದು ತಾಣಕ್ಕೆ ಕೊಡುವ ಹಣ ದಂಡವಲ್ಲ. ಕನ್ನಡ, ತುಳು, ಕೊಂಕಣಿ ಪತ್ರಿಕೆಗಳ ಮಟ್ಟಿಗೆ ಇವೆರಡರಿಂದಲೂ ಉಪಯೋಗವಿಲ್ಲ. ಅಲ್ಲಿ ನಾವೇ ಕಟ್ಟಿಕೊಂಡ ಗೂಗಲ್ ಶೀಟ್ ಬಿಟ್ಟರೆ ಗತಿ ಇಲ್ಲ, ಮತ್ತು ಅದೇ ಚೆನ್ನಾಗಿಯೂ ಇದೆ. ಮಂಗಳೂರು-ಉಡುಪಿ ಕಡೆ ಬರೆಯುವವರಲ್ಲಿ ಅನೇಕರದ್ದು ಬೆರಕೆ ವ್ಯವಹಾರ: ಮಣಿಪಾಲದ ತರಂಗ, ತುಷಾರಕ್ಕೆ ಒಂದು, ಬೆಂಗಳೂರಿನ ಸುಧಾ, ಮಯೂರಕ್ಕೆ ಒಂದು, ಕೊಂಕಣಿಯಲ್ಲಿ ಬರೆದದ್ದು ರಾಕ್ಣೊಗೆ, ಅದರ ಮೇಲೆ ಯಾವುದೋ ಕತೆಯ ಇಂಗ್ಲಿಷ್ ಅನುವಾದ ಹೊರದೇಶಕ್ಕೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವಿಮರ್ಶೆ.

ಅಂಕ ಕೊಡುವುದಾದರೆ 5ಕ್ಕೆ ಗ್ರೈಂಡರ್ 4, ಡ್ಯುಯೋಟ್ರೋಪ್ 3.5, ಸಬ್ಮಿಟೆಬಲ್ (ಪತ್ರಿಕೆಗಳು ಬರಹ ತರಿಸಿಕೊಳ್ಳುವ ತಾಣ) 2, ಗೂಗಲ್ ಶೀಟ್ 4.5.

ಡ್ಯುಯೋಟ್ರೋಪ್ 2005ರಿಂದ ಇದೆ. 2013ರಿಂದ ಚಂದಾ ಕೇಳುತ್ತಿದೆ: ತಿಂಗಳಿಗೆ 5 ಡಾಲರ್, ವರ್ಷಕ್ಕೆ 50. ಅದು ಹಣ ಕೇಳಲು ಶುರುಮಾಡಿದ ಹೊತ್ತಿಗೇ ಹುಟ್ಟಿದ್ದು ಗ್ರೈಂಡರ್. ಅದು ಪೂರ್ತಿ ಉಚಿತ, ದೇಣಿಗೆಯಲ್ಲಿ ನಡೆಯುತ್ತದೆ. ಎರಡರ ಕೆಲಸದ ಬಗೆ ಒಂದೇ. ನಿಮ್ಮ ಬರಹವನ್ನು ಒಮ್ಮೆ ದಾಖಲಿಸುತ್ತೀರಿ, ಪತ್ರಿಕೆಯನ್ನು ಅವರ ಪಟ್ಟಿಯಿಂದ ಆರಿಸುತ್ತೀರಿ, ಕಳಿಸಿದ ದಿನ ಹಾಕುತ್ತೀರಿ, ಉತ್ತರ ಬಂದಾಗ ಬಗೆಯನ್ನು ಗುರುತಿಸುತ್ತೀರಿ: ಸ್ವೀಕೃತ, ಸಿದ್ಧ ಮಾದರಿಯ ನಿರಾಕರಣೆ, ಸಂಪಾದಕರು ನಾಲ್ಕು ಮಾತು ಬರೆದ ನಿರಾಕರಣೆ, ತಿದ್ದಿ ಕಳಿಸಿ ಎಂಬ ಕೋರಿಕೆ, ಹಿಂಪಡೆದದ್ದು, ಉತ್ತರವೇ ಇಲ್ಲ. ಇಷ್ಟಾದರೆ ಡೈರಿಯಲ್ಲೂ ಆಗುತ್ತದೆ. ಇವುಗಳ ನಿಜವಾದ ಬೆಲೆ ಇರುವುದು ಎಲ್ಲರ ದಾಖಲೆ ಒಟ್ಟು ಸೇರಿದಾಗ. ಒಂದು ಪತ್ರಿಕೆಯ ಪುಟ ತೆರೆದರೆ ಅದು ಎಷ್ಟು ದಿನಕ್ಕೆ ನಿರಾಕರಿಸುತ್ತದೆ, ಎಷ್ಟು ದಿನಕ್ಕೆ ಸ್ವೀಕರಿಸುತ್ತದೆ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಗ್ರೈಂಡರ್ ಇದನ್ನು ನಕ್ಷೆಯಲ್ಲೇ ತೋರಿಸುತ್ತದೆ. ಹೆಚ್ಚಿನ ನಿರಾಕರಣೆಗಳು ಮೊದಲ ವಾರಗಳಲ್ಲೇ ಬಂದುಬಿಡುವ ಪತ್ರಿಕೆಯಲ್ಲಿ ನಿಮ್ಮ ಕತೆ ಮೂರು ತಿಂಗಳು ಉಳಿದಿದ್ದರೆ, ಅದು ಮೊದಲ ಜರಡಿ ದಾಟಿರಬಹುದು ಎಂದು ಅಂದಾಜಿಸಲು ಅವಕಾಶ ಉಂಟು. ಅಂದಾಜು ಅಷ್ಟೇ.

ಆದರೆ ಸ್ವೀಕಾರದ ಶೇಕಡಾವಾರನ್ನು ನೆಚ್ಚಿಕೊಳ್ಳಬೇಡಿ. ಲೆಕ್ಕ ಇಡುವ ಶಿಸ್ತು ಇರುವವರೇ ದಾಖಲಿಸುವವರು; ಅದರಲ್ಲೂ ಸ್ವೀಕೃತವಾದಾಗ ಓಡಿಬಂದು ಹಾಕುತ್ತಾರೆ, ತಿರಸ್ಕೃತವಾದಾಗ ಮರೆಯುತ್ತಾರೆ. ಹಾಗಾಗಿ ಅಂಕಿ ಇರುವುದಕ್ಕಿಂತ ಚಂದ ಕಾಣುತ್ತದೆ. ದಿನಗಳ ಲೆಕ್ಕ ಮಾತ್ರ ಸುಮಾರಾಗಿ ಸರಿ.

ಗ್ರೈಂಡರ್ ಬೆಳೆದದ್ದು ವೈಜ್ಞಾನಿಕ ಕತೆ, ಅದ್ಭುತ ಕತೆ ಬರೆಯುವವರ ನಡುವೆ. ಆ ಬಗೆಯ ಪತ್ರಿಕೆಗಳ ಮಾಹಿತಿ ಅಲ್ಲಿ ದಟ್ಟವಾಗಿದೆ. ವಿಶ್ವವಿದ್ಯಾಲಯಗಳ ಸಾಹಿತ್ಯ ಪತ್ರಿಕೆಗಳ ಮಟ್ಟಿಗೆ ದಾಖಲೆ ತೆಳು, ಕೆಲವೆಡೆ ನಕ್ಷೆಗೆ ಬೇಕಾದಷ್ಟು ಉತ್ತರಗಳೇ ಇರುವುದಿಲ್ಲ. ಡ್ಯುಯೋಟ್ರೋಪ್‌ನ ಬಲ ಇದೇ ಜಾಗದಲ್ಲಿ. ಅದಕ್ಕೇ ಕವಿತೆಯವರಿಗೆ ಅದು ಎಂದದ್ದು.

ಚಂದಾ ಕಟ್ಟುವಲ್ಲಿ ಒಂದು ತೊಡಕು. ನಮ್ಮ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ಬಳಕೆ ಮುಚ್ಚಿಯೇ ಬರುತ್ತದೆ. ರಿಸರ್ವ್ ಬ್ಯಾಂಕ್ 2020ರಲ್ಲಿ ಮಾಡಿದ ನಿಯಮ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಿ, ಹಣ ಕಟ್ಟಿದ ಮೇಲೆ ಮತ್ತೆ ಮುಚ್ಚಿ. ತಾನಾಗಿ ಕಡಿತವಾಗುವ ಕಂತಿಗೆ ಹೆಚ್ಚುವರಿ ದೃಢೀಕರಣ ಬೇಕೆಂಬ ನಿಯಮ 2021ರ ಅಕ್ಟೋಬರ್ 1ರಿಂದ ಇದೆ. ಹಾಗಾಗಿ ವಿದೇಶಿ ತಾಣಗಳ ತಿಂಗಳ ಚಂದಾ ಹಲವು ಕಾರ್ಡುಗಳಲ್ಲಿ ಮಧ್ಯದಲ್ಲೇ ನಿಲ್ಲುತ್ತದೆ. ಕಟ್ಟುವುದಾದರೆ ವರ್ಷದ್ದನ್ನೇ ಕಟ್ಟಿ. ಡಾಲರ್ ದರದ ಮೇಲೆ ಬ್ಯಾಂಕಿನ ಪರಿವರ್ತನೆ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ ಬೇರೆ ಬೀಳುತ್ತದೆ.

ಸಬ್ಮಿಟೆಬಲ್‌ಗೆ 2 ಕೊಟ್ಟದ್ದು ಅದು ಕೆಟ್ಟದೆಂದಲ್ಲ. ಅದು ಪತ್ರಿಕೆಯವರ ಅನುಕೂಲಕ್ಕೆ ಮಾಡಿದ ಸಾಧನ. ಲೇಖಕರ ಖಾತೆ ಉಚಿತ, ಅದರ ಮೂಲಕ ಕಳಿಸಿದ್ದೆಲ್ಲ ಒಂದೇ ಕಡೆ ಕಾಣುತ್ತದೆ, ಹಿಂಪಡೆಯುವ ಗುಂಡಿಯೂ ಅಲ್ಲೇ ಇದೆ. ಆದರೆ ಮಿಂಚಂಚೆಯಲ್ಲಿ ಕಳಿಸಿದ್ದು ಅಲ್ಲಿ ತಾನಾಗಿ ಸೇರುವುದಿಲ್ಲ. ಇನ್ನೊಂದು, ‘ರಿಸೀವ್ಡ್’ ಇದ್ದದ್ದು ‘ಇನ್ ಪ್ರೋಗ್ರೆಸ್’ ಆದ ಕೂಡಲೇ ಸಂಪಾದಕರು ಓದುತ್ತಿದ್ದಾರೆ ಎಂದು ಹಿಗ್ಗಬೇಡಿ. ಯಾರಾದರೂ ಓದುಗರ ಹೆಸರಿಗೆ ಹಂಚಿದರೂ ಅದು ಬದಲಾಗುತ್ತದೆ. ಬದಲಾಗದೆ ನೇರವಾಗಿ ‘ಡಿಕ್ಲೈನ್ಡ್’ ಆಗುವುದೂ ಉಂಟು.

ಇನ್ನು ಕನ್ನಡದ ಕತೆ. ಇಲ್ಲಿ ಎಲ್ಲರ ದಾಖಲೆ ಸೇರಿಸಿಟ್ಟ ಪಟ್ಟಿ ಇಲ್ಲ, ಹೆಚ್ಚಿನ ಪತ್ರಿಕೆಗಳಿಂದ ನಿರಾಕರಣೆಯ ಪತ್ರವೂ ಬರುವುದಿಲ್ಲ. ಮೌನವೇ ಉತ್ತರ. ಸ್ವೀಕಾರ ಕೂಡ ಎಷ್ಟೋ ಸಲ ತಿಳಿಯುವುದು ಯಾರೋ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ‘ಅಭಿನಂದನೆ ಮಾರಾಯ್ರೆ’ ಎಂದು ಕಳಿಸಿದಾಗ. ಇಂಗ್ಲಿಷಿನ ತಂತ್ರಾಂಶಗಳು ಉತ್ತರ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ನಮಗೆ ಬೇಕಾದದ್ದು, ಉತ್ತರ ಬಾರದಿದ್ದಾಗ ಯಾವಾಗ ವಿಚಾರಿಸಬೇಕು, ಯಾವಾಗ ಬಿಡಿಸಿಕೊಳ್ಳಬೇಕು ಎಂದು ಹೇಳುವ ಲೆಕ್ಕ.

ಒಂದು ಕಡತದಲ್ಲಿ ಮೂರು ಹಾಳೆ ಮಾಡಿ: ‘ಬರಹ’, ‘ಪತ್ರಿಕೆ’, ‘ರವಾನೆ’. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಿ, ಕತೆಗೊಂದು ಸಾಲು ಎಂದಿಟ್ಟುಕೊಂಡರೆ ಅದೇ ಕತೆ ಎರಡನೇ ಪತ್ರಿಕೆಗೆ ಹೋದಾಗ ಮೊದಲಿನದ್ದನ್ನು ಅಳಿಸಬೇಕಾಗುತ್ತದೆ, ಇತಿಹಾಸ ಹೋಯಿತು. ರವಾನೆಯಲ್ಲಿ ಒಂದು ಸಾಲು ಎಂದರೆ ಒಂದು ಸಲ ಕಳಿಸಿದ್ದು. ‘ಬರಹ’ದಲ್ಲಿ ಸಂಕೇತ, ಶೀರ್ಷಿಕೆ, ಪ್ರಕಾರ, ಭಾಷೆ, ಪದಗಳ ಸಂಖ್ಯೆ, ಕಡತದ ಹೆಸರು. ‘ಪತ್ರಿಕೆ’ಯಲ್ಲಿ ಕಳಿಸುವ ವಿಳಾಸ, ಪದಮಿತಿ, ಕಡತ ಯೂನಿಕೋಡ್‌ನಲ್ಲಿ ಬೇಕೋ ನುಡಿ ತಂತ್ರಾಂಶದಲ್ಲಿ ಬೇಕೋ, ಎಷ್ಟು ದಿನ ಕಾಯಬೇಕು. ‘ರವಾನೆ’ಯ ಒಂದು ಸಾಲು ಹೀಗಿರುತ್ತದೆ:

ಕ-14 / ವಾರಪತ್ರಿಕೆ ಅ / ಕಳಿಸಿದ್ದು 03-06-2024 / ಸ್ಥಿತಿ: ಬಾಕಿ / ವಿಚಾರಿಸುವ ದಿನ 01-09-2024 / ವಿಚಾರಿಸಿದ್ದು: ಖಾಲಿ / ಪ್ರಕಟವಾದ ಸಂಚಿಕೆ, ಪುಟ: ಖಾಲಿ / ಗೌರವಧನ: ಖಾಲಿ

‘ವಿಚಾರಿಸುವ ದಿನ’ವನ್ನು ಕೈಯಾರೆ ಹಾಕಬೇಡಿ. ಕಳಿಸಿದ ದಿನಕ್ಕೆ ‘ಪತ್ರಿಕೆ’ ಹಾಳೆಯಲ್ಲಿರುವ ಕಾಯುವ ದಿನಗಳನ್ನು ವಿಲುಕಪ್ (VLOOKUP, ಇನ್ನೊಂದು ಹಾಳೆಯಿಂದ ಹುಡುಕಿ ತರುವ ಫಂಕ್ಷನ್) ಮೂಲಕ ತಂದು ಕೂಡಿಸಿ. ಪತ್ರಿಕೆಯವರೇ ಅವಧಿ ಹೇಳಿದ್ದರೆ ಅದು. ಹೇಳದಿದ್ದರೆ 90 ದಿನ ಇಟ್ಟುಕೊಳ್ಳಬಹುದು, ಮೇಲಿನ ಸಾಲಿನಲ್ಲಿರುವುದು ಅದೇ. ಆ ದಿನ ಟುಡೇ ಫಂಕ್ಷನ್ ಕೊಡುವ ದಿನಾಂಕಕ್ಕಿಂತ ಹಿಂದಿದ್ದು, ಸ್ಥಿತಿ ‘ಬಾಕಿ’ ಎಂದೇ ಇದ್ದರೆ ಸಾಲು ಹಳದಿಯಾಗುವಂತೆ ಷರತ್ತಿನ ಬಣ್ಣ (ಕಂಡಿಷನಲ್ ಫಾರ್ಮ್ಯಾಟಿಂಗ್) ಕೊಡಿ. ಇನ್ನೊಂದು ಷರತ್ತು ಇದಕ್ಕಿಂತ ಮುಖ್ಯ: ಒಂದೇ ಸಂಕೇತ ‘ಬಾಕಿ’ ಸ್ಥಿತಿಯಲ್ಲಿ ಎರಡು ಸಾಲಿನಲ್ಲಿದ್ದರೆ ಎರಡೂ ಕೆಂಪಾಗಬೇಕು. ಷರತ್ತಿಗೆ ಹೊಂದುವ ಸಾಲುಗಳನ್ನು ಎಣಿಸುವ ಕೌಂಟ್‌ಇಫ್ಸ್ (COUNTIFS) ಫಂಕ್ಷನ್ನಿನಿಂದ ಆಗುತ್ತದೆ. ಕನ್ನಡದಲ್ಲಿ ಒಂದೇ ಕತೆ ಎರಡು ಕಡೆ ಅಚ್ಚಾದರೆ ಸಂಪಾದಕರ ಮುಖ ನೋಡುವುದು ಕಷ್ಟ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಹಾಕಿದ ಕತೆ ಫಲಿತಾಂಶದವರೆಗೆ ಬೀಗ ಹಾಕಿದಂತೆಯೇ. ಅದಕ್ಕೆ ‘ಸ್ಪರ್ಧೆ’ ಎಂಬ ಸ್ಥಿತಿ ಬೇರೆ ಇಟ್ಟು, ಅದನ್ನೂ ಈ ಲೆಕ್ಕಕ್ಕೆ ಸೇರಿಸಿ. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನೂ ‘ಪ್ರಕಟಿತ’ ಎಂದೇ ಎಣಿಸುವ ಸ್ಪರ್ಧೆಗಳಿವೆ, ‘ಬರಹ’ ಹಾಳೆಯಲ್ಲಿ ಅದಕ್ಕೊಂದು ಕಲಂ ಇರಲಿ.

ಸಂಕೇತದ ಗೊಡವೆ ಯಾಕೆ, ಶೀರ್ಷಿಕೆಯೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕನ್ನಡದಲ್ಲಿ ಕಣ್ಣಿಗೆ ಒಂದೇ ಕಾಣುವ ಎರಡು ಶೀರ್ಷಿಕೆ ಕಂಪ್ಯೂಟರಿಗೆ ಬೇರೆಬೇರೆ ಆಗಿರುವುದು ಮಾಮೂಲು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅಕ್ಷರಗಳ ನಡುವೆ ಕಾಣದ ಜೋಡಕಗಳು ಉಳಿದುಬಿಡುತ್ತವೆ, ಮುಖ್ಯವಾಗಿ ರಕಾರದ ಒತ್ತು ಇರುವಲ್ಲಿ. ಒಕಾರದ ಗುರುತು ಒಂದು ಕಡೆ ಒಂದೇ ಚಿಹ್ನೆಯಾಗಿ, ಇನ್ನೊಂದು ಕಡೆ ಎರಡು ಚಿಹ್ನೆಗಳ ಜೋಡಣೆಯಾಗಿ ಕೂರಬಹುದು. ಆಗ ವಿಲುಕಪ್ ಸಿಗಲಿಲ್ಲ ಎನ್ನುತ್ತದೆ, ಎಣಿಕೆ ತಪ್ಪುತ್ತದೆ, ಕೆಂಪಾಗಬೇಕಾದ ಸಾಲು ಬೆಳ್ಳಗೇ ಉಳಿಯುತ್ತದೆ. ಕ-14 ಎಂದಿದ್ದರೆ ಆ ತಾಪತ್ರಯವಿಲ್ಲ. ಪತ್ರಿಕೆಯ ಹೆಸರನ್ನೂ ಪ್ರತಿ ಸಲ ಟೈಪ್ ಮಾಡದೆ ಡ್ರಾಪ್‌ಡೌನ್ ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ಅನುವಾದವಾದರೆ ಕ-14-ಇಂ ಎಂದು ಮೂಲದ ಬಾಲ ಹಿಡಿದಿರಲಿ. ಬೇರೆಯವರ ಕತೆಯ ಅನುವಾದವಾದರೆ ಮೂಲ ಲೇಖಕರು ಅಥವಾ ವಾರಸುದಾರರು ಒಪ್ಪಿಗೆ ಕೊಟ್ಟ ದಿನಾಂಕವೂ ಅಲ್ಲೇ ಇರಲಿ. ಹೊರದೇಶದ ಪತ್ರಿಕೆ ಸ್ವೀಕರಿಸಿದ ಮೇಲೆ ಮೊದಲು ಕೇಳುವುದೇ ಅದನ್ನು.

ದಿನಾಂಕದಲ್ಲಿ ಕೈಕೊಡುವುದು ಶೀಟಿನ ಪ್ರದೇಶ ಸೆಟ್ಟಿಂಗ್. ಅದು ಅಮೆರಿಕ ಎಂದಿದ್ದರೆ 03/06 ಎಂದು ಹಾಕಿದ್ದು ಮಾರ್ಚ್ 6 ಆಗುತ್ತದೆ. 25/06 ಎಂದರೆ 25ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಗುರುತು ಸುಲಭ: ನಿಜವಾದ ದಿನಾಂಕ ಕೋಶದ ಬಲಕ್ಕೆ ಅಂಟಿರುತ್ತದೆ, ಅಕ್ಷರವಾದದ್ದು ಎಡಕ್ಕೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನು ಇಂಡಿಯಾ ಮಾಡಿ, ಅಲ್ಲೇ ಟೈಮ್ ಝೋನ್ ಕೂಡ ನೋಡಿ. ಅದು ಅಮೆರಿಕದ ಪಶ್ಚಿಮ ಕರಾವಳಿಯದ್ದಾಗಿದ್ದರೆ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ ದಾಟುವವರೆಗೂ ಟುಡೇ ನಿನ್ನೆಯ ದಿನವನ್ನೇ ತೋರಿಸುತ್ತದೆ.

ಸಾಲು ಹಳದಿಯಾದ ಮೇಲೆ ಕಳಿಸುವ ಪತ್ರ ಚಿಕ್ಕದಿರಲಿ:

“ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ಜೂನ್ 3ರಂದು ತಮ್ಮ ಪರಿಶೀಲನೆಗೆ ಒಂದು ಕತೆ ಕಳಿಸಿದ್ದೆ. ಅದು ತಮ್ಮ ಪರಿಗಣನೆಯಲ್ಲಿದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಈ ತಿಂಗಳ ಕೊನೆಯೊಳಗೆ ತಮ್ಮಿಂದ ಮಾಹಿತಿ ಬಾರದಿದ್ದಲ್ಲಿ ಕತೆಯನ್ನು ಹಿಂಪಡೆದಿರುವುದಾಗಿ ದಯವಿಟ್ಟು ಭಾವಿಸಬೇಕು.”

ಕೊನೆಯ ವಾಕ್ಯವೇ ಮುಖ್ಯ. ಅದಿಲ್ಲದೆ ಬೇರೆಡೆ ಕಳಿಸಿದರೆ ಎಂಟು ತಿಂಗಳ ನಂತರ ಮೊದಲ ಪತ್ರಿಕೆಯಲ್ಲಿ ಕತೆ ಪ್ರತ್ಯಕ್ಷವಾಗಬಹುದು. ಮೊದಲು ಕಳಿಸಿದ ಮಿಂಚಂಚೆಗೇ ಮರುತ್ತರವಾಗಿ ಬರೆಯಿರಿ, ಕಡತ ಮತ್ತೆ ಲಗತ್ತಿಸಬೇಡಿ. ಹೊಸ ಕತೆ ಎಂದುಕೊಳ್ಳುತ್ತಾರೆ.

ಪ್ರಕಟವಾದದ್ದನ್ನು ಬರೆಯುವಾಗ ದಿನಾಂಕ, ಪುಟದ ಜೊತೆ ಆವೃತ್ತಿಯನ್ನೂ ಬರೆಯಿರಿ. ದಿನಪತ್ರಿಕೆಯ ಪುರವಣಿಯಲ್ಲಿ ಮಂಗಳೂರು ಆವೃತ್ತಿಗೆ ಬಂದದ್ದು ಬೆಂಗಳೂರಿನದ್ದರಲ್ಲಿ ಇಲ್ಲದಿರಬಹುದು. ಮುಂದೆ ಸಂಕಲನ ತರುವಾಗ ಕೃತಜ್ಞತೆಯ ಪುಟಕ್ಕೆ ಇದೇ ಆಧಾರ.

ಗೌರವಧನದ ಕಲಂ ನಮ್ಮ ಕರಾವಳಿಯವರಿಗೆ ಹೆಚ್ಚು ಬೇಕು, ಕಾರಣ ಬ್ಯಾಂಕುಗಳು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ಕತೆಯ ಕೊನೆಗೆ ಹೆಸರು, ವಿಳಾಸ, ಖಾತೆ ವಿವರವನ್ನು ಹಳೆಯ ಕಡತದಿಂದ ನಕಲು ಮಾಡಿ ಅಂಟಿಸುವ ಅಭ್ಯಾಸ ಎಷ್ಟೋ ಜನರಿಗೆ ಇದೆ. ಹಾಗಾಗಿ ಹಳೆಯ ಸಂಕೇತ ಈಗಲೂ ಓಡಾಡುತ್ತಿದೆ. ಪತ್ರಿಕೆಯವರು ಹಾಕಿದ ಹಣ ತಿರುಗಿ ಅವರಿಗೇ ಹೋಗುತ್ತದೆ, ಅದನ್ನು ತಿಳಿಸಲು ಯಾರೂ ಫೋನ್ ಮಾಡುವುದಿಲ್ಲ. ‘ಪ್ರಕಟ’ ಆಗಿ ಮೂರು ತಿಂಗಳಾದರೂ ‘ಗೌರವಧನ’ ಖಾಲಿ ಇದ್ದರೆ ಮೊದಲು ನೀವು ಕಳಿಸಿದ ಕಡತದ ಕೊನೆಯ ಪುಟ ತೆರೆದು ನೋಡಿ.

ಹೊರದೇಶದ ಹಣ ಹೆಚ್ಚಾಗಿ ಪೇಪಾಲ್ ಮೂಲಕ ಬರುತ್ತದೆ. ಭಾರತದ ಖಾತೆಗೆ ‘ಸ್ನೇಹಿತರು, ಕುಟುಂಬ’ ಎಂಬ ಬಗೆಯಲ್ಲಿ ಹಾಕಿದರೆ ಬರುವುದಿಲ್ಲ, ಸೇವೆಗೆ ಪಾವತಿ ಎಂದೇ ಹಾಕಬೇಕೆಂದು ಸಂಪಾದಕರಿಗೆ ಮೊದಲೇ ತಿಳಿಸಿ.

ಬೆಳಿಗ್ಗೆ ಮಿಂಚಂಚೆಯಲ್ಲಿ ನೆನಪೋಲೆ ಬೇಕಿದ್ದರೆ ಎಕ್ಸ್‌ಟೆನ್ಷನ್ಸ್ ಮೆನುವಿನ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದು, ದಿನಕ್ಕೊಮ್ಮೆ ಓಡುವ ಟ್ರಿಗರ್ ಹಾಕಬಹುದು. ಸ್ಕ್ರಿಪ್ಟಿಗೆ ಟೈಮ್ ಝೋನ್ ಪ್ರತ್ಯೇಕವಾಗಿ ಇರುತ್ತದೆ, ಅದನ್ನೂ ಕೋಲ್ಕತಾ ಎಂದು ಮಾಡಬೇಕು. ನನ್ನನ್ನು ಕೇಳಿದರೆ ಹಳದಿ ಬಣ್ಣವೇ ಸಾಕು.

ದಾಖಲೆ ಇಡಲು ಬಳಸುವ ನೋಷನ್, ಏರ್‌ಟೇಬಲ್ ತಂತ್ರಾಂಶಗಳು ನೋಡಲು ಚಂದ. ಏರ್‌ಟೇಬಲ್‌ನಲ್ಲಿ ಮೂರು ಹಾಳೆಗಳ ಕೊಂಡಿ ಶೀಟಿಗಿಂತ ಸಲೀಸು, ಉಚಿತ ಯೋಜನೆಯ 1,000 ದಾಖಲೆಗಳ ಮಿತಿಯೂ ಬರೆಯುವವರಿಗೆ ಧಾರಾಳ. ಆದರೂ ಶೀಟನ್ನೇ ಮೇಲಿಡಲು ಕಾರಣ ಫೋನು. ಜೂನ್-ಜುಲೈಯಲ್ಲಿ ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗಲೂ ಶೀಟ್ಸ್ ಆ್ಯಪ್‌ನಲ್ಲಿ ‘ಆಫ್‌ಲೈನ್ ಲಭ್ಯ’ ಎಂದು ಗುರುತಿಸಿದ ಕಡತ ತೆರೆಯುತ್ತದೆ, ತಿದ್ದಲೂ ಆಗುತ್ತದೆ. ಶೀಟು ಅರ್ಧ ಅಂಕ ಕಳೆದುಕೊಂಡದ್ದು ಫೋನಿನಲ್ಲಿ ಷರತ್ತಿನ ಬಣ್ಣವನ್ನು ತಿದ್ದುವ ಪಾಡಿಗೆ; ಅದನ್ನು ಕಂಪ್ಯೂಟರಿನಲ್ಲೇ ಮಾಡಿ.

ಮೂರು ತಿಂಗಳಿಗೊಮ್ಮೆ ಪ್ರತಿ ಇಳಿಸಿಕೊಳ್ಳುವಾಗ ಎಕ್ಸೆಲ್ ರೂಪದಲ್ಲಿ ಇಳಿಸಿ. ಸಿಎಸ್‌ವಿ ಆರಿಸಿದರೆ ತೆರೆದಿರುವ ಒಂದೇ ಹಾಳೆ ಬರುತ್ತದೆ, ಮತ್ತೆ ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಹಾಗಾದರೆ ಡೇಟಾ ಮೆನುವಿನಿಂದ ಪಠ್ಯ ಕಡತವನ್ನು ಆಮದು ಮಾಡಿ, ಎನ್‌ಕೋಡಿಂಗ್‌ನಲ್ಲಿ 65001 (ಯೂನಿಕೋಡ್ ಯುಟಿಎಫ್-8) ಆರಿಸಿ, ಸರಿಹೋಗುತ್ತದೆ. ಡ್ಯುಯೋಟ್ರೋಪ್ ಚಂದಾ ಬಿಡುವವರು ಅವಧಿ ಮುಗಿಯುವ ಮುನ್ನವೇ ನಿಮ್ಮ ದಾಖಲೆಯನ್ನು ಇಳಿಸಿಕೊಳ್ಳಿ. ಆ ಕಡತವನ್ನು ಗ್ರೈಂಡರ್ ನೇರವಾಗಿ ಒಳಗೆ ತೆಗೆದುಕೊಳ್ಳುತ್ತದೆ.