ಪೋರ್ಟ್ರೇಟ್‌ಗೆ ಕ್ಯಾನನ್ 50 ಎಂಎಂ ಎಫ್ 1.8 ಎಸ್‌ಟಿಎಂ ಲೆನ್ಸ್

ಕ್ಯಾಮೆರಾ ಜೊತೆ ಬಂದ 18-55 ಲೆನ್ಸಿನಲ್ಲಿ ಮುಖದ ಫೋಟೋ ತೆಗೆದು ಸಮಾಧಾನವಾಗದವರು ಮೊದಲು ಕೊಳ್ಳಬೇಕಾದದ್ದು ಇದು. ಆ ಲೆನ್ಸು 55 ಎಂಎಂನಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕಿನ ಕಿಂಡಿ ದೊಡ್ಡದು). ಇದು 1.8ರಲ್ಲಿ ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ತೂಕ ಬರೀ 160 ಗ್ರಾಂ. 2015ರಲ್ಲಿ ಬಂದ ಈ ಆವೃತ್ತಿಗೆ ಲೋಹದ ಮೌಂಟ್ (ಕ್ಯಾಮೆರಾಗೆ ಕೂಡುವ ಭಾಗ) ಇದೆ. ಆ ಕಿಂಡಿಯನ್ನು ಹಿರಿದು-ಕಿರಿದು ಮಾಡುವ ಅಪರ್ಚರ್ ಎಲೆಗಳೂ 5ರಿಂದ 7ಕ್ಕೆ ಏರಿವೆ, ಹಾಗಾಗಿ ಹಿನ್ನೆಲೆಯ ದೀಪಗಳು ಹಳೆಯದರಂತೆ ಪಂಚಕೋನವಾಗದೆ ದುಂಡಗೆ ಮೂಡುತ್ತವೆ.

ಹಾಗೆಂದು ಸದಾ 1.8ರಲ್ಲೇ ಇಟ್ಟರೆ ಕೆಟ್ಟಿತು. ಕ್ಯಾನನ್ 1500ಡಿಯಂಥ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂ.ಮೀ. ಮಾತ್ರ, ಒಂದು ಮೀಟರಿಗೆ ಬಂದರೆ 3 ಸೆಂ.ಮೀ.ಗೂ ಕಡಿಮೆ. ಮುಖ ಕೊಂಚ ಓರೆಯಾದರೂ ಒಂದು ಕಣ್ಣು ಮಸುಕು. ಒಬ್ಬರಿಗೆ 2.8, ಇಬ್ಬರಿಗೆ 4 ಇಡಿ. ಫೋಕಸ್‌ಗೆ ಒಂದೇ ಪಾಯಿಂಟ್ ಆರಿಸಿ, ನಿಮಗೆ ಹತ್ತಿರದ ಕಣ್ಣಿನ ಮೇಲಿಡಿ. ನಡುವಿನ ಪಾಯಿಂಟಿನಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿದರೆ ಫೋಕಸ್ ಕಣ್ಣು ಬಿಟ್ಟು ಹಿಂದಕ್ಕೆ, ಕಿವಿಯ ಕಡೆಗೆ ಸರಿಯುತ್ತದೆ. ಬೆಳಕು ಮಂದವಾಗಿದ್ದು ಆಟೋಫೋಕಸ್ ತಡಕಾಡಿದರೆ ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯಲ್ಲಿ) 10 ಪಟ್ಟು ದೊಡ್ಡದು ಮಾಡಿ ಲೆನ್ಸಿನ ಫೋಕಸ್ ರಿಂಗ್ ತಿರುಗಿಸಿ. ಈ ರಿಂಗ್ ಲೆನ್ಸಿನೊಳಗಿನ ಮೋಟಾರಿನ ಮೂಲಕವೇ ಕೆಲಸ ಮಾಡುವುದರಿಂದ ಕ್ಯಾಮೆರಾ ಆನ್ ಇರಲೇಬೇಕು.

ಇದರಲ್ಲಿ ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಇಲ್ಲ. ಶಟರ್ 1/125 ಸೆಕೆಂಡಿಗಿಂತ ನಿಧಾನವಾಗದಿರಲಿ, ಮಕ್ಕಳಿಗೆ 1/250 ಬೇಕು. ಅದಕ್ಕಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಲು ಹಿಂಜರಿಯಬೇಡಿ. ಕಿಟಕಿಯ ಪಕ್ಕ ಕೂರಿಸಿದರೆ ಟ್ಯೂಬ್‌ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಎರಡು ಕೆನ್ನೆಗೂ ಎರಡು ಬಣ್ಣ. ನೆರಳಿನ ಕಡೆಗೂ ಬೆಳಕು ಬೀಳಲು ಅತ್ತ ಒಂದು ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ಸಾಕು.

ನಮ್ಮ ಮದುವೆಮನೆಗಳಲ್ಲಿ ಎರಡು ತೊಂದರೆ ಖಂಡಿತ ಎದುರಾಗುತ್ತವೆ. ಕಪ್ಪು ಜಡೆಯ ಮೇಲಿನ ಮಲ್ಲಿಗೆಗೆ ಬಿಸಿಲು ಬಿದ್ದರೆ 1.8ರಲ್ಲಿ ಹೂವಿನ ಅಂಚಿಗೆ ನೇರಳೆ ಗೆರೆ ಕಾಣಿಸಿಕೊಳ್ಳುತ್ತದೆ, 2.8ರಲ್ಲಿ ಅದು ಬಹಳ ಮಟ್ಟಿಗೆ ತಗ್ಗುತ್ತದೆ. ಬಿಳಿ ಪಂಚೆ-ಶರ್ಟಿನವರು ಫ್ರೇಮ್ ತುಂಬಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಮುಖ ಕಪ್ಪಿಡುತ್ತದೆ, ಚಿತ್ರವನ್ನು ಬೆಳಗಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಷನ್ +2/3 ಕೊಡಿ.

ಕೊಳ್ಳುವ ಮುನ್ನ ಜಾಗ ಅಳೆದುಕೊಳ್ಳಿ. ಎಪಿಎಸ್-ಸಿಯಲ್ಲಿ ಇದು ಫುಲ್ ಫ್ರೇಮ್ ಕ್ಯಾಮೆರಾದ 80 ಎಂಎಂ ಲೆನ್ಸಿನಷ್ಟು ಕಿರಿದಾದ ನೋಟ ಕೊಡುತ್ತದೆ. ಸೊಂಟದವರೆಗಿನ ಚಿತ್ರಕ್ಕೆ ಸುಮಾರು 2 ಮೀಟರ್ ದೂರ ಸಾಕು, ತಲೆಯಿಂದ ಪಾದದವರೆಗೆ ಬೇಕಾದರೆ 4 ಮೀಟರಿಗಿಂತ ಹಿಂದೆ ಸರಿಯಬೇಕು. ಹಾಲ್ ಚಿಕ್ಕದಾಗಿದ್ದು ಗುಂಪು ಫೋಟೋಗಳೇ ಹೆಚ್ಚಿದ್ದರೆ 18-55 ಅನ್ನೇ ಹಾಕಿಕೊಳ್ಳಿ.